ದರ್ಜಿ, ತೋಳ ಮತ್ತು ಒಂಬತ್ತನೇ ಕಟ್ಟು

ನಮ್ಮ ದರ್ಜಿ ಯಾರ ಮುಖವನ್ನೂ ಮೊದಲು ನೋಡಿದವನಲ್ಲ. ಮೊದಲು ಭುಜ, ಆಮೇಲೆ ಎದೆ, ಆಮೇಲೆ ಸೊಂಟ. ಇಷ್ಟೆಲ್ಲ ಮುಗಿದ ಮೇಲೂ ಎದುರಿನವರು ಅಲ್ಲೇ ನಿಂತಿದ್ದರೆ ಮುಖ. ಹೀಗಾಗಿ ಊರಿನಲ್ಲಿ ಅವನಿಗೆ ಹೆಸರಿನಿಂದ ಗೊತ್ತಿರುವವರಿಗಿಂತ ಸೊಂಟದಿಂದ ಗೊತ್ತಿರುವವರೇ ಹೆಚ್ಚು. "ಮೂವತ್ತಾರು ಬಂದಿದ್ದ, ಈಗ ಮೂವತ್ತೆಂಟಾಗಿದಾನೆ" ಎಂದು ಅವನು ಹೇಳಿದರೆ ಅದು ಅಂಚೆಯವನ ಸಮಾಚಾರ ಎಂದು ಹೆಂಡತಿಗೆ ತಿಳಿಯುತ್ತದೆ.

ಒಮ್ಮೆ ಹಾಡಹಗಲಲ್ಲೇ ಬೇಕರಿಗೆ ನುಗ್ಗಿ ಓಡಿದ ಕಳ್ಳನ ಬೆನ್ನನ್ನು ದರ್ಜಿ ಕಿಟಕಿಯಿಂದ ಒಂದೇ ಕ್ಷಣ ನೋಡಿದ್ದ. ಪೊಲೀಸರು ಬಂದು ಕೇಳಿದಾಗ ಮೆಷಿನ್ನಿನಿಂದ ತಲೆ ಎತ್ತದೆ, "ಎದೆ ನಲವತ್ತು, ಬಲಭುಜ ಅರ್ಧ ಇಂಚು ಕೆಳಗೆ, ಹಾಕಿರೋದು ಬೇರೆಯವರ ಕೋಟು" ಎಂದ. ಸಂಜೆಯೊಳಗೆ ಕಳ್ಳ ಸಿಕ್ಕಿದ. ಕೋಟಿನ ಯಜಮಾನನೂ ಸಿಕ್ಕಿದ. ಅಂದಿನಿಂದ ಊರಿನ ಗಂಡಸರು ಆ ಅಂಗಡಿಯ ಮುಂದೆ ಹೊಟ್ಟೆ ಒಳಗೆಳೆದುಕೊಂಡು ನಡೆಯತೊಡಗಿದರು. ಅಂಗಡಿ ದಾಟಿದ ಮೇಲೆ ಬೀದಿಯುದ್ದಕ್ಕೂ ಉಸಿರು ಬಿಡುವ ಸದ್ದು.

ಈ ಕಣ್ಣಿನ ಮಹಿಮೆ ಬೆಳೆದು ಬೆಳೆದು ಕೊನೆಗೆ ಕಾಡನ್ನೂ ಮುಟ್ಟಿತು. ತೋಳವೊಂದು ಎರಡು ಮಾರು ದೂರದಲ್ಲಿ ಬಂದು ನಿಂತಾಗ ದರ್ಜಿ ಎವೆಯಿಕ್ಕದೆ ಅದನ್ನು ಅಳೆದನಂತೆ. "ಎದೆ ಇಪ್ಪತ್ತೊಂಬತ್ತು, ಉದ್ದ ಮೂವತ್ತೆಂಟು, ಶುಕ್ರವಾರ ಬಾ" ಎಂದನಂತೆ. ತೋಳ ನಾಚಿ ಹೊರಟುಹೋಯಿತಂತೆ. ಚಹಾದಂಗಡಿಯಲ್ಲಿ ಈ ಕತೆ ಇಂದಿಗೂ ಚಾಲ್ತಿಯಲ್ಲಿದೆ. ನಡೆದದ್ದರಲ್ಲಿ ತೋಳವೂ ಇತ್ತು, ಎರಡು ಮಾರೂ ಇತ್ತು. ಮಿಕ್ಕದ್ದನ್ನು ಹೇಳುತ್ತೇನೆ.

ಊರಿನ ಆಚೆ ಕಲ್ಲುಗುಡ್ಡ, ಗುಡ್ಡದ ಆಚೆ ಕುರುಚಲು, ಕುರುಚಲಿನಲ್ಲಿ ತೋಳ. ಚಳಿ ಬಲಿತಾಗ ಅವು ಕುರಿದೊಡ್ಡಿಗೆ ಇಳಿಯುತ್ತವೆ, ಆಗ ಬೇಟೆಗಾರರ ಸಂಘಕ್ಕೆ ಎಚ್ಚರವಾಗುತ್ತದೆ. ಸಂಘದಲ್ಲಿ ಹದಿನಾರು ಬಂದೂಕು. ಅಧ್ಯಕ್ಷರು ಔಷಧಿ ಅಂಗಡಿಯ ಯಜಮಾನರು. ಈ ಹದಿನಾರು ಜನರ ಗುರಿ ನೋಡಿದರೆ ತೋಳ ಬಂದೂಕಿಗೆ ಹೆದರಲು ಕಾರಣವೇ ಇಲ್ಲ. ಆದರೆ ಅದು ಹಗ್ಗಕ್ಕೆ ಹೆದರುತ್ತದೆ. ಮಂಡಿ ಎತ್ತರಕ್ಕೆ ಹಗ್ಗ ಬಿಗಿದು, ಮೊಳಕ್ಕೊಂದರಂತೆ ಕೆಂಪು ಬಟ್ಟೆಯ ಪಟ್ಟಿ ಇಳಿಬಿಟ್ಟರೆ, ಅವು ಗಾಳಿಗೆ ಆಡುವುದನ್ನು ಕಂಡು ತೋಳ ನಿಂತುಬಿಡುತ್ತದೆ. ಒಂದು ನೆಗೆತಕ್ಕೆ ದಾಟಬಹುದು, ದಾಟುವುದಿಲ್ಲ. ಹಗ್ಗದ ಪಕ್ಕದಲ್ಲೇ ಓಡುತ್ತ ದಾರಿ ಹುಡುಕುತ್ತದೆ. ದಾರಿ ಬಿಟ್ಟ ಕಡೆ ಬಂದೂಕಿನವರು ಕಾದು ಕೂತಿರುತ್ತಾರೆ.

ಆ ಹಗ್ಗ ನಮ್ಮ ದರ್ಜಿಯದು. ಸಂಘದವರು ಅದನ್ನು ಚಿಂದಿಹಗ್ಗ ಎನ್ನುತ್ತಾರೆ. ಅವನ ಎದುರಿಗೆ ಅನ್ನುವುದಿಲ್ಲ. ಒಂದೊಂದು ಪಟ್ಟಿಯನ್ನೂ ಎರಡೆರಡು ಸಲ ಮಡಚಿ, ಮೂರು ಸಾಲು ಹೊಲಿಗೆ ಹಾಕುತ್ತಿದ್ದ. ಮೂವತ್ತು ಚಳಿಗಾಲದಲ್ಲಿ ಒಂದೇ ಒಂದು ಪಟ್ಟಿ ಉದುರಿರಲಿಲ್ಲ. ತೋಳಕ್ಕೆ ಕೆಂಪು ಬಣ್ಣ ಕಾಣುವುದೇ ಇಲ್ಲವೆಂದು ಯಾರೋ ಪುಸ್ತಕ ಓದಿ ಬಂದು ವಾದಿಸಿದಾಗ, "ಅದಕ್ಕೆ ಕಾಣಬೇಕಾಗಿಲ್ಲ, ಎಡವಿ ಬೀಳೋ ನಿಮಗೆ ಕಾಣಬೇಕು" ಎಂದಿದ್ದ. ನೂರು ಹೆಜ್ಜೆ ಉದ್ದದ ಒಂಬತ್ತು ಕಟ್ಟುಗಳು. ಪ್ರತಿ ಕಟ್ಟನ್ನೂ ಸುತ್ತಿ, ಸಂಖ್ಯೆ ಬರೆದ ಚೀಟಿ ಇಟ್ಟು, ಮೇಲಿಂದ ಬಿಳಿ ದಾರದಲ್ಲಿ ಹೊಲಿದುಬಿಡುತ್ತಿದ್ದ. ದಾರ ಕತ್ತರಿಸದೆ ಕಟ್ಟು ಬಿಚ್ಚಲು ಬರುತ್ತಿರಲಿಲ್ಲ. ಗಂಟು ಹಾಕಿದರೆ ಸಾಲದೇ ಎಂದು ಕೇಳಿದವರಿಗೆ, ಗಂಟು ಹಾಕುವುದು ದಿನಸಿ ಅಂಗಡಿಯವರ ಕೆಲಸ ಎನ್ನುತ್ತಿದ್ದ.

ಇನ್ನು ಅವನ ಭಾಮೈದ. ಮದುವೆಯಾದಾಗ ಹೆಂಡತಿಯ ಜೊತೆಗೆ ಒಂದು ಟ್ರಂಕು, ಒಂದು ನಿಲುವುಗನ್ನಡಿ ಮತ್ತು ತಾಯಿಯಿಲ್ಲದ ಏಳು ವರ್ಷದ ತಮ್ಮ ಮನೆಗೆ ಬಂದಿದ್ದರು. ಟ್ರಂಕು ತುಕ್ಕು ಹಿಡಿಯಿತು, ಕನ್ನಡಿ ಒಡೆಯಿತು, ತಮ್ಮ ಉಳಿದ. ಅವನ ಮೊದಲ ಚಡ್ಡಿಯಿಂದ ಮದುವೆಯ ಸೂಟಿನವರೆಗೆ ಎಲ್ಲವನ್ನೂ ದರ್ಜಿಯೇ ಹೊಲಿದ. ಈಗ ನಲವತ್ತು ದಾಟಿ, ಮನೆಮನೆಯ ಕರೆಂಟ್ ಮೀಟರ್ ಓದುವ ಕೆಲಸದಲ್ಲಿದ್ದ. ಬೇರೆ ಮನೆ ಮಾಡಿದ್ದರೂ ಮಧ್ಯಾಹ್ನದ ಊಟಕ್ಕೆ ಮಾತ್ರ ಅಕ್ಕನ ಮನೆಯ ದಾರಿ ತಪ್ಪುತ್ತಿರಲಿಲ್ಲ. ಸಂಘದಲ್ಲಿ ಅವನನ್ನು ಎಲ್ಲರೂ ಗುರಿಕಾರ ಎಂದು ಕರೆಯುತ್ತಿದ್ದರು. ಹದಿನಾಲ್ಕು ಚಳಿಗಾಲದಲ್ಲಿ ಅವನು ಹೊಡೆದದ್ದು ಒಂದು ಮೈಲಿಗಲ್ಲು ಮತ್ತು ಅಧ್ಯಕ್ಷರ ಬುತ್ತಿ ಡಬ್ಬಿ. ತೋಳದ ಚರ್ಮ ತೂಗುಹಾಕಲೆಂದು ತನ್ನ ಮನೆಯ ಗೋಡೆಗೆ ಮೊಳೆ ಹೊಡೆದಿಟ್ಟಿದ್ದ. ಸದ್ಯಕ್ಕೆ ಮೊಳೆಯ ಮೇಲೆ ಛತ್ರಿ ಇತ್ತು.

ಅವನಿಗಾಗಿ ದರ್ಜಿ ಒಂದು ಬೇಟೆಯ ಕೋಟು ಹೊಲಿದಿದ್ದ. ಒಣಹುಲ್ಲಿನ ಬಣ್ಣದ ಬಟ್ಟೆಗಾಗಿ ನಾಲ್ಕು ಅಂಗಡಿ ಅಲೆದು, ನೆರಳಿನ ಹಾಗೆ ಕಾಣಲೆಂದು ಅಲ್ಲಲ್ಲಿ ಕಂದು ತೇಪೆ ಹಾಕಿ, ಹದಿನಾಲ್ಕು ಜೇಬು ಇಟ್ಟು ಕೊಟ್ಟಿದ್ದ. ಅದನ್ನು ಹಾಕಿ ಹುಲ್ಲಿನಲ್ಲಿ ಕೂತರೆ ಸಾಲ ಕೊಟ್ಟವನಿಗೂ ಸಿಗುವುದಿಲ್ಲ ಎಂದು ಸಂಘದವರು ಹೊಟ್ಟೆಕಿಚ್ಚು ಪಡುತ್ತಿದ್ದರು.

ಕಳೆದ ಚಳಿಗಾಲದ ಆ ಬೆಳಿಗ್ಗೆ ಯಾರು ಎಲ್ಲಿ ಕೂರಬೇಕೆಂದು ಎಂದಿನಂತೆ ಚೀಟಿ ಎತ್ತಿದರು. ಗುರಿಕಾರನಿಗೆ ಬಂದದ್ದು ಎಲ್ಲಕ್ಕಿಂತ ಕಳಪೆ ಜಾಗ: ಒಂಬತ್ತನೇ ಹಗ್ಗದ ಹಿಂದುಗಡೆ, ತಿರುವಿನ ಆಚೆ. ಹಗ್ಗ ಇರುವವರೆಗೆ ಅಲ್ಲಿಗೆ ತೋಳ ಬರುವ ಮಾತೇ ಇಲ್ಲ. ಅವನು ಚೀಟಿಯನ್ನು ಮಡಚಿ ಹದಿನಾಲ್ಕು ಜೇಬುಗಳಲ್ಲಿ ಒಂದಕ್ಕೆ ಹಾಕಿಕೊಂಡು, ಏನೂ ಆಗದವನಂತೆ ಭಾವನ ಜೊತೆ ಹಗ್ಗ ಕಟ್ಟಲು ಹೊರಟ.

ಎಂಟು ಕಟ್ಟು ಮುಗಿಯುವಷ್ಟರಲ್ಲಿ ದರ್ಜಿ ಕುಂಟುತ್ತಿದ್ದ. ಎಂಟನೆಯದರ ತುದಿ ಒಂದು ದೊಡ್ಡ ಮರಕ್ಕೆ ಬಂದು ನಿಂತಿತು. ಒಂಬತ್ತನೆಯದು ಪೊದೆಗಳ ಆಚೆ, ದಿಬ್ಬ ಸುತ್ತಿ ಹೋಗಬೇಕು.

"ಭಾವ, ನಿಮ್ಮ ಮಂಡಿ ಏನೋ ಇವತ್ತು ಜಾಸ್ತೀನೇ ಮಾತಾಡ್ತಿದೆ. ಇಲ್ಲೇ ಮರದ ಕೆಳಗೆ ಕೂತ್ಕೊಳ್ಳಿ. ಇದೊಂದು ನಾನು ಕಟ್ಟಿ ಬರ್ತೀನಿ" ಎಂದ ಗುರಿಕಾರ.

"ಕತ್ತರಿ ತಗೊಂಡು ಹೋಗು."

"ಚಾಕು ಇದೆ."

"ಮಂಡಿ ಎತ್ತರಕ್ಕೆ ಕಟ್ಟು. ಗಿಡದ ಮೇಲೆ ಎಸೆದು ಬರಬೇಡ. ಆಮೇಲೆ ಮರೀದೆ ಚೀಲಕ್ಕೆ ವಾಪಸ್ ಹಾಕು, ಹೋದ ಸಲ ಬಯಲಲ್ಲೇ ಬಿಟ್ಟು ಬಂದಿದ್ದೆ."

"ಅಯ್ಯೋ ಭಾವ, ಹಾಕ್ತೀನಿ. ನಿಮ್ಮ ಚಿಂದಿ ಮೇಲೆ ನನಗೇನು ಆಸೆ!"

"ಪಟ್ಟಿ."

"ಪಟ್ಟಿ, ಪಟ್ಟಿ."

ಸ್ವಲ್ಪ ಹೊತ್ತಿಗೆ ಪೊದೆಯಾಚೆಯಿಂದ "ಕಟ್ಟಾಯ್ತು ಭಾವ!" ಎಂಬ ಕೂಗು ಬಂತು. ದರ್ಜಿ ಮರಕ್ಕೆ ಒರಗಿ, ಮುಳ್ಳಿಗೆ ಸಿಕ್ಕಿ ಹರಿದಿದ್ದ ಒಂದು ಪಟ್ಟಿಯನ್ನು ತೊಡೆಯ ಮೇಲೆ ಹರಡಿಕೊಂಡು ಸೂಜಿಗೆ ದಾರ ಪೋಣಿಸಿದ. ದೂರದಲ್ಲಿ ತೋಳವನ್ನು ಹಗ್ಗದ ಕಡೆಗೆ ಅಟ್ಟುವ ಸೋಹುವವರು ತಗಡು ಬಡಿಯಲು ಶುರು ಮಾಡಿದರು.

ಇಲ್ಲಿ ಮಹಾಕಾವ್ಯದವರಾಗಿದ್ದರೆ ನೆಲ ನಡುಗಿಸುತ್ತಿದ್ದರು, ಹಕ್ಕಿಗಳ ಬಾಯಿ ಕಟ್ಟಿಸುತ್ತಿದ್ದರು. ಅಂಥದ್ದೇನೂ ಆಗಲಿಲ್ಲ. ದರ್ಜಿ ದಾರ ಕಚ್ಚಿ ತುಂಡು ಮಾಡಿ ತಲೆ ಎತ್ತಿದ, ಎದುರಿಗೆ ತೋಳ ಇತ್ತು. ಎರಡು ಮಾರು. ಮುಂಗಾಲುಗಳು ಮಂಡಿಯವರೆಗೆ ಒದ್ದೆ, ಎಡಗಿವಿಯ ತುದಿ ಎಂದೋ ಹರಿದು ಒಣಗಿತ್ತು. ಬಾಯಿ ಮುಚ್ಚಿತ್ತು. ಮೂಗಿನ ಹೊಳ್ಳೆಯಿಂದ ಹೊಗೆಯಂತೆ ಉಸಿರು ಬಂದು ಹೋಗುತ್ತಿತ್ತು. ನಮ್ಮ ನಾಯಕನ ಕೈಯಲ್ಲಿ ಒಂದೂವರೆ ಇಂಚಿನ ಆಯುಧ. ಇನ್ನೆರಡು ಸೂಜಿಗಳನ್ನು ತುಟಿಗಳ ನಡುವೆ ಹಿಡಿದಿದ್ದ, ಹಾಗಾಗಿ ಕೂಗಲೂ ಆಗುವಂತಿರಲಿಲ್ಲ. ಅವನು ಅಲುಗಲಿಲ್ಲ. ತೋಳವೂ ಅಲುಗಲಿಲ್ಲ. ತಗಡಿನ ಸದ್ದು ಹತ್ತಿರವಾಗುತ್ತ ಬಂತು. ಆಮೇಲೆ ತೋಳ ಅವನ ಮೇಲಿನ ಕಣ್ಣು ಕೀಳದೆ ಒಂದು ಹೆಜ್ಜೆ ಇಟ್ಟಿತು, ಇನ್ನೊಂದು ಇಟ್ಟಿತು, ಅವನ ಮಂಡಿಯ ಪಕ್ಕದಿಂದಲೇ ಮರ ಬಳಸಿ ಒಂಬತ್ತನೇ ಹಗ್ಗ ಇರಬೇಕಾಗಿದ್ದ ಕಡೆಗೆ ಹಾರಿತು. ಅದರ ಮೈಯ ಹಸಿ ವಾಸನೆ ತೊಡೆಯ ಮೇಲಿನ ಬಟ್ಟೆಗೆ ಅಂಟಿಕೊಂಡಿತು. ಆಗ ಢಂ ಎಂದಿತು. ಎಲ್ಲೋ ಒಂದು ಕಲ್ಲು ಚೂರಾಯಿತು.

ಮೂವತ್ತು ಹೆಜ್ಜೆ ದೂರದಲ್ಲಿ ಹುಲ್ಲಿನ ಒಂದು ಭಾಗ ಎದ್ದು ನಿಂತಿತು. ಅದು ಗುರಿಕಾರ. ಕೋಟು ಎಷ್ಟು ಚೆನ್ನಾಗಿತ್ತೆಂದರೆ ಹೊಲಿದವನಿಗೇ ಕಂಡಿರಲಿಲ್ಲ.

ಎಲ್ಲರೂ ಓಡಿ ಬಂದರು. ಮೊದಲು ಬಾಯಿ ತೆರೆದವನು ಗುರಿಕಾರನೇ. "ಏನು ಮಾಡೋದು, ಒಂಬತ್ತನೇ ಹಗ್ಗದ ಹೊಲಿಗೆ ಬಿಟ್ಟುಹೋಯ್ತು! ಪಟ್ಟಿಗಳೆಲ್ಲ ಉದುರಿದ್ವು, ತೋಳ ಅಲ್ಲೇ ನುಗ್ತು. ಹಾಳಾದ ಹಗ್ಗ ನಾನೇ ಸುತ್ತಿ ಚೀಲಕ್ಕೆ ಹಾಕಿದೀನಿ." ಚೀಲದೊಳಗೆ ಕೈ ಹಾಕಿ ನೋಡುವಷ್ಟು ಆಸಕ್ತಿ ಯಾರಿಗೂ ಇರಲಿಲ್ಲ, ಬೇಟೆ ತಪ್ಪಿದ ಗಂಡಸರಿಗೆ ಬೇಕಾಗುವುದು ಬೈಯಲು ಒಬ್ಬ ಮನುಷ್ಯ. ಅಧ್ಯಕ್ಷರು ಅಂದು ಸಂಜೆಯೇ ಸಂಘದ ನಡಾವಳಿ ಪುಸ್ತಕದಲ್ಲಿ ಬರೆದರು: "ದರ್ಜಿಯ ಹೊಲಿಗೆ ಸಡಿಲವಾಗಿದ್ದ ಕಾರಣ ತೋಳ ತಪ್ಪಿಸಿಕೊಂಡಿತು. ಮುಂದಿನ ಸಭೆಯಲ್ಲಿ ಹಗ್ಗದ ಕೆಲಸವನ್ನು ಎದುರು ಬೀದಿಯ ಟಾರ್ಪಾಲಿನವರಿಗೆ ವಹಿಸುವ ಬಗ್ಗೆ ಚರ್ಚೆ."

ಬೇರೆಯವರಿಗೆ ಇದು ಒಂದು ಸಾಲು. ದರ್ಜಿಗೆ ಮೂವತ್ತು ವರ್ಷ. ಮರುದಿನದಿಂದಲೇ ಬೀದಿಯಲ್ಲಿ ಜನ ನಿಂತಲ್ಲೇ ತಮ್ಮ ಪ್ಯಾಂಟಿನ ಹೊಲಿಗೆ ಎಳೆದು ನೋಡಿಕೊಳ್ಳತೊಡಗಿದರು. ಬೇಕರಿಯವನು ಏಪ್ರನ್ನು ತಂದು, "ಏನಿಲ್ಲ, ಸುಮ್ನೆ ಇನ್ನೊಂದು ಸಾಲು ಹಾಕಿಬಿಡಿ" ಎಂದ. ಮೂವತ್ತೆಂಟಾಗಿದ್ದ ಅಂಚೆಯವನು ಅಂಗಡಿಯ ಮುಂದೆ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುವುದನ್ನೇ ಬಿಟ್ಟ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ದರ್ಜಿ ಸ್ವತಃ ನಂಬಿಬಿಟ್ಟಿದ್ದ. ಹೇಳಿದವನು ಭಾಮೈದ, ಅವನು ಸುಳ್ಳು ಹೇಳಬಹುದು ಎಂಬುದು ಅವನಿಗೆ ಹೊಳೆಯಲೇ ಇಲ್ಲ. ತನ್ನ ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿಕೊಂಡ. ಕನ್ನಡಕ ಬದಲಾಯಿಸಿದ. ಮೆಷಿನ್ನನ್ನು ಪೂರ್ತಿ ಬಿಚ್ಚಿ ಎಣ್ಣೆ ಹಾಕಿದ.

ಮೂರನೆಯ ದಿನ ಬೆಳಿಗ್ಗೆ, ಯಾವ ಹೊಲಿಗೆ ಎಲ್ಲಿ ಬಿಟ್ಟಿದೆಯೋ ನೋಡಿಯೇಬಿಡೋಣವೆಂದು ಚೀಲವನ್ನು ಮೇಜಿನ ಮೇಲೆ ಸುರಿದ. ಬಿಚ್ಚಿ ಸುತ್ತಿದ ಎಂಟು ಹಗ್ಗಗಳು ಬಿದ್ದವು. ಅವುಗಳ ಹಿಂದೆ ಧೊಪ್ಪೆಂದು ಒಂದು ಕಟ್ಟು ಬಿತ್ತು. ಅಚ್ಚುಕಟ್ಟಾಗಿ ಸುತ್ತಿದ್ದು. ಒಂಬತ್ತು ಎಂಬ ಚೀಟಿ. ಮೇಲೆ ಬಿಳಿ ದಾರದ ಹೊಲಿಗೆ, ಅವನು ಹಾಕಿದ್ದು ಹಾಕಿದ ಹಾಗೇ ಇತ್ತು. ಚಾಕುವೂ ಮುಟ್ಟಿರಲಿಲ್ಲ, ಉಗುರೂ ಮುಟ್ಟಿರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಭಾವನ ಮಾತು ಕೇಳಿ ಗುರಿಕಾರ ಕಟ್ಟನ್ನು ಮರೆಯದೆ ಚೀಲಕ್ಕೆ ಹಾಕಿದ್ದು ಅದೊಂದೇ ಸಲ.

ದರ್ಜಿಗೆ ಮೊದಲು ಆದದ್ದು ಸಂತೋಷ. "ಬಿಟ್ಟಿಲ್ಲ!" ಎಂದು ಜೋರಾಗಿಯೇ ಅಂದ. ಎದ್ದು ಒಂದು ಲೋಟ ನೀರು ಕುಡಿದ. ಮತ್ತೆ ಬಂದು ಕೂತ. ಹಗ್ಗ ಕಟ್ಟಿಯೇ ಇರಲಿಲ್ಲ ಎಂದರೆ ಏನರ್ಥ ಎಂಬುದು ಆಮೇಲೆ, ಕೂತ ಮೇಲೆ, ನಿಧಾನವಾಗಿ ಬಂತು. ಮಧ್ಯಾಹ್ನದವರೆಗೆ ಮೆಷಿನ್ನಿನ ಸದ್ದು ಕೇಳಲಿಲ್ಲ.

ಅಂಗಡಿಯ ಹಿಂದೆಯೇ ಮನೆ. ಸದ್ದಿಲ್ಲದ್ದನ್ನು ಕೇಳಿ ಹೆಂಡತಿ ಬಂದು ನೋಡಿದಳು. ಕಟ್ಟನ್ನು ಕಂಡಳು, ಚೀಟಿ ಓದಿದಳು, ದಾರದ ಮೇಲೆ ಬೆರಳಾಡಿಸಿದಳು. ಮೂವತ್ತೈದು ವರ್ಷ ದರ್ಜಿಯ ಜೊತೆ ಬಾಳಿದವಳು. ಯಾರೂ ಏನೂ ಹೇಳಬೇಕಾಗಲಿಲ್ಲ. ಕಟ್ಟನ್ನು ಎತ್ತಿಕೊಂಡು ಒಳಗೆ ಹೋಗಿ ಊಟದ ಮೇಜಿನ ಮೇಲೆ, ತಮ್ಮನ ತಟ್ಟೆಯ ಪಕ್ಕದಲ್ಲಿಟ್ಟಳು.

ಗುರಿಕಾರ ಹೊತ್ತಿಗೆ ಸರಿಯಾಗಿ ಬಂದ. ಮೂರು ತುತ್ತು ತಿಂದ ಮೇಲೆ ನೋಡಿದ.

"ಇದೇನಕ್ಕ?"

"ನೀನೇ ಹೇಳಪ್ಪ."

"ಯಾವುದೋ ಬೇರೆ ಕಟ್ಟಿರಬೇಕು."

"ಒಂಬತ್ತು ಅಂತ ಬರೆದಿದೆ. ಊರಿನ ಮೀಟರೆಲ್ಲ ಓದ್ತೀಯ, ಇದನ್ನ ಓದೋಕೆ ಬರಲ್ವಾ?"

ಗುರಿಕಾರ ನೀರು ಕುಡಿದ. ಭಾವನ ಕಡೆ ನೋಡಿ ಹಲ್ಲು ಬಿಟ್ಟ. "ಭಾವ, ನಾನು ಅಲ್ಲೇ ಇದ್ನಲ್ಲ! ಮೂವತ್ತು ಹೆಜ್ಜೆ. ಬಂದೂಕು ಭುಜಕ್ಕೇ ಇತ್ತು. ನಿಮಗೇನಾದ್ರೂ ಆಗೋಕೆ ಬಿಡ್ತಿದ್ನಾ? ಹದಿನಾಲ್ಕು ವರ್ಷ ಆಯ್ತು, ಒಂದೇ ಒಂದು ಸಲ ನನ್ನ ಕಡೆ ಬರ್ಲಿ ಅಂತ..."

"ಕಟ್ಟಿಲ್ಲ ಅಂತ ಹೇಳಿದ್ರೆ ನಾನು ಬೇರೆ ಕಡೆ ಕೂರ್ತಿದ್ದೆ" ಎಂದ ದರ್ಜಿ.

"ಹೇಳಿದ್ರೆ ನೀವು ಕಟ್ಟಿಸಿಬಿಡ್ತಿದ್ರಿ."

ಅದು ನಿಜವಾಗಿತ್ತು. ಹೆಂಡತಿ ಸೌಟು ಹಿಡಿದು ನಿಂತಿದ್ದಳು. "ಬಂದೂಕು ಭುಜಕ್ಕಿತ್ತು ಅಂದ್ಯಲ್ಲ, ಮತ್ತೆ ತೋಳ ಎದುರಿಗೆ ನಿಂತಿದ್ದಾಗ ಯಾಕೋ ಹೊಡೀಲಿಲ್ಲ?"

"ಅದರ ಮುಖ ನನ್ನ ಕಡೆಗಿತ್ತಕ್ಕ. ಎದೇಲಿ ತೂತಾದ್ರೆ ಚರ್ಮ ಹಾಳು, ಗೋಡೆ ಮೇಲೆ ಹಾಕಿದ್ರೆ ಎದ್ದು ಕಾಣುತ್ತೆ. ಪಕ್ಕಕ್ಕೆ ತಿರುಗಲಿ ಅಂತ ಕಾದೆ. ಪಕ್ಕದಲ್ಲಿ ತೂತಾದ್ರೆ ಭಾವ ಹೊಲಿದುಕೊಟ್ರೆ ಗೊತ್ತೇ ಆಗಲ್ಲ."

ಗುರಿಕಾರ ತಾನು ಭಾವನ ಹೊಲಿಗೆಯನ್ನು ಹೊಗಳಿದ್ದೇನೆ ಎಂದುಕೊಂಡಿದ್ದ.

"ಎಷ್ಟು ಹೊತ್ತು ಕಾದೆ?" ಎಂದು ಕೇಳಿದಳು ಅಕ್ಕ.

"ಎರಡು ನಿಮಿಷ ಇರಬಹುದು."

ಅವಳು ಸೌಟನ್ನು ಪಾತ್ರೆಯೊಳಗೆ ಇಟ್ಟಳು. "ಭಾನುವಾರ ಸಂಘದಲ್ಲಿ ಎದ್ದು ನಿಂತು ಇದ್ದದ್ದು ಇದ್ದ ಹಾಗೆ ಹೇಳ್ತೀಯ. ಹೇಳಿದ ಮೇಲೆ ಈ ಮನೆಗೆ ಊಟಕ್ಕೆ ಬಾ."

"ಹೇಳ್ತೀನಿ ಅಕ್ಕ. ನಿನ್ನಾಣೆ ಹೇಳ್ತೀನಿ." ಸ್ವಲ್ಪ ತಡೆದು, "ಇವತ್ತಿಂದು?" ಎಂದ.

"ತಟ್ಟೇಲಿರೋದು ತಿಂದು ಏಳು."

ಅವನು ತಿನ್ನುತ್ತಿದ್ದಾಗ ಕುರ್ಚಿಯ ಬೆನ್ನಿಗೆ ಹಾಕಿದ್ದ ಕೋಟಿನ ಎರಡನೇ ಗುಂಡಿ ಜೋತಾಡುತ್ತಿರುವುದು ದರ್ಜಿಗೆ ಕಂಡಿತು. ಕೋಟನ್ನು ಎಳೆದುಕೊಂಡು ಗುಂಡಿ ಬಿಗಿದು ಹೊಲಿದ. ಹೊಲಿದು ಮುಗಿದ ಮೇಲೆಯೇ ತಾನು ಏನು ಮಾಡುತ್ತಿದ್ದೇನೆಂದು ಅವನಿಗೆ ಗೊತ್ತಾದದ್ದು. ಕೋಟನ್ನು ಕುರ್ಚಿಗೆ ಹಾಕಿ ಅಂಗಡಿಗೆ ಹೋದ.

ಭಾನುವಾರ ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ ಸಂಘ ಸೇರಿತು. ಉದ್ದ ಮೇಜು, ಕಬ್ಬಿಣದ ಕುರ್ಚಿ, ಬಾಗಿಲ ಮೇಲೆ ಹಿಂದಿನ ತಲೆಮಾರಿನವರು ಹೊಡೆದ ತೋಳದ ತಲೆಬುರುಡೆ. ಈಗಿನವರ ಬಗ್ಗೆ ಅದಕ್ಕೆ ಅಂಥ ಗೌರವವಿಲ್ಲದ್ದು ಅದರ ಹಲ್ಲು ನೋಡಿದರೇ ಗೊತ್ತಾಗುತ್ತಿತ್ತು. ಟಾರ್ಪಾಲಿನವನು ಕೂದಲು ಬಾಚಿಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತಿದ್ದ. ದರ್ಜಿ ಒಂದು ಕಾಗದದ ಪೊಟ್ಟಣವನ್ನು ಕಾಲಿನ ಬಳಿ ಇಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕೂತ. ಅದನ್ನು ಬಿಚ್ಚಬೇಕಾಗುವುದಿಲ್ಲ ಎಂದೇ ನಂಬಿದ್ದ. ಹೆಂಡತಿಯ ಒತ್ತಾಯಕ್ಕೆ ತಂದಿದ್ದ.

"ಹಗ್ಗದ ವಿಷಯ" ಎಂದರು ಅಧ್ಯಕ್ಷರು.

ಗುರಿಕಾರ ಎದ್ದು ನಿಂತ. ದರ್ಜಿ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ.

"ಅಧ್ಯಕ್ಷರೇ, ನಾನೊಂದು ಮಾತು ಹೇಳಬೇಕು." ಗುರಿಕಾರನ ಕಣ್ಣು ಹದಿನೈದು ಮುಖಗಳ ಮೇಲೆ ಓಡಾಡಿತು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಗಂಟಲು ಸರಿಮಾಡಿಕೊಂಡ. "ನಮ್ಮ ಭಾವನಿಗೆ ವಯಸ್ಸಾಯ್ತು. ಕಣ್ಣು ಮೊದಲಿನ ಹಾಗಿಲ್ಲ. ಹೊಲಿಗೆ ಬಿಟ್ಟಿದ್ದು ಬಿಟ್ಟಾಯ್ತು. ಮನೆಯವನಾಗಿ ನಾನು ಕೇಳ್ಕೊಳ್ಳೋದು ಇಷ್ಟೇ, ಅವರನ್ನ ಯಾರೂ ಆಡ್ಕೋಬೇಡಿ. ದೊಡ್ಡ ಮನಸ್ಸು ಮಾಡಿ ಕ್ಷಮಿಸಿಬಿಡಿ."

ಚಪ್ಪಾಳೆ ಬಿತ್ತು. ಟಾರ್ಪಾಲಿನವನಂತೂ ಕಣ್ಣೊರೆಸಿಕೊಂಡ.

ದರ್ಜಿ ಪೊಟ್ಟಣವನ್ನು ಎತ್ತಿಕೊಂಡು, ಮಂಡಿ ಹಿಡಿದುಕೊಂಡು ಎದ್ದು, ಸಾಲುಗಳ ನಡುವೆ ಬಂದು ಮೇಜಿನ ಮೇಲೆ ಬಿಚ್ಚಿಟ್ಟ. "ಇದು ಒಂಬತ್ತನೇ ಕಟ್ಟು. ಆವತ್ತು ಚೀಲದಲ್ಲಿ ವಾಪಸ್ ಬಂದದ್ದು. ನಾನು ಮುಟ್ಟಿಲ್ಲ, ನೀವೇ ಬಿಚ್ಚಿ ನೋಡಿ."

ಅಧ್ಯಕ್ಷರು ದಾರಕ್ಕೆ ಉಗುರು ಹಾಕಿದರು. ಉಗುರು ಮುರಿಯಿತು. ಬೇಕರಿಯವನು ಹಲ್ಲು ಹಾಕಿ, ಆಮೇಲೆ ಬಹಳ ಹೊತ್ತು ನಾಲಗೆಯಿಂದ ಆ ಹಲ್ಲನ್ನು ಸವರಿಕೊಳ್ಳುತ್ತ ಕೂತ. ಬೀಗದ ಕೈ ಬಂತು, ಪೆನ್ನಿನ ಮೂತಿ ಬಂತು. ಕೊನೆಗೆ ಕೆಳಗಿನ ಅಂಗಡಿಯಿಂದ ಹೊಸ ಚಾಕು ತರಿಸಿ ಕತ್ತರಿಸಬೇಕಾಯಿತು. ಹಗ್ಗ ಬಿಚ್ಚಿಕೊಂಡು ಮೇಜಿನಿಂದ ನೆಲಕ್ಕೆ, ನೆಲದಿಂದ ಕುರ್ಚಿಗಳ ಕಾಲಿಗೆ ಹರಿಯಿತು. ಅಧ್ಯಕ್ಷರು ಒಂದು ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಮೇಜಿಗೆ ಕಾಲು ಕೊಟ್ಟು ಎಳೆದರು. ಮೇಜು ಸರಿಯಿತು. ಪಟ್ಟಿ ಬರಲಿಲ್ಲ.

ಎಲ್ಲರೂ ಗುರಿಕಾರನ ಕಡೆ ತಿರುಗಿದರು. ಅವನು ಕೋಟಿನ ಎರಡನೇ ಗುಂಡಿಯನ್ನು ತಿರುವುತ್ತ ಕಿಟಕಿಯಾಚೆ ಏನನ್ನೋ ಬಹಳ ಮನಸ್ಸಿಟ್ಟು ನೋಡುತ್ತಿದ್ದ. ಅಧ್ಯಕ್ಷರು ನಡಾವಳಿ ಪುಸ್ತಕ ತೆರೆದು ಆ ಸಾಲನ್ನು ಹೊಡೆದುಹಾಕಿದರು. ಒಂದು ಸಲ ಹೊಡೆದದ್ದು ಸಾಲದೆಂದು ಇನ್ನೊಂದು ಗೆರೆ ಎಳೆದರು. ಟಾರ್ಪಾಲಿನವನು ಮೆಲ್ಲಗೆ ಹಿಂದಿನ ಸಾಲಿಗೆ ಹೋದ. ಕೊನೆಗೆ ಅಧ್ಯಕ್ಷರೇ ಕುರ್ಚಿ ಮುಂದಕ್ಕೆಳೆದುಕೊಂಡರು.

"ಅದಿರಲಿ ಬಿಡಿ. ಅಲ್ಲಾ ದರ್ಜಿಗಳೇ, ನಮ್ಮಲ್ಲಿ ಯಾರೂ ಅಷ್ಟು ಹತ್ತಿರದಿಂದ ತೋಳ ನೋಡಿದವರಿಲ್ಲ. ಎರಡು ಮಾರು ಅಂತೀರಿ, ಎರಡು ನಿಮಿಷ ಅಂತೀರಿ! ಆಗ ನಿಮ್ಮ ಮನಸ್ಸಲ್ಲಿ ಏನು ಓಡ್ತಿತ್ತು?"

ಕಬ್ಬಿಣದ ಕುರ್ಚಿಗಳೆಲ್ಲ ಕಿರುಗುಟ್ಟುತ್ತ ಹತ್ತಿರ ಬಂದವು. ದರ್ಜಿ ಮೊಣಕೈಗೆ ಹಗ್ಗ ಸುತ್ತಿಕೊಳ್ಳುತ್ತಿದ್ದ.

"ಏನಿಲ್ಲ. ಭಾಮೈದ ಇಲ್ಲೇ ಎಲ್ಲೋ ಇದಾನೆ, ಬರ್ತಾನೆ ಅಂತ ಕಾಯ್ತಿದ್ದೆ."